ಬೆಳಕಿನಿಂದ ಜಲಶುದ್ಧಿ

ಅಮೆರಿಕದ ಅರಿಜೋನಾ ಸಂಸ್ಥಾನದ ಮರುಭೂಮಿಯಲ್ಲಿರುವ ಟೂಸಾನ್ ನಗರಕ್ಕೆ ಅಂತರ್ಜಲವೇ ಬಹುಕಾಲದ ಜೀವನಾಧಾರವಾಗಿದ್ದಿತು. ಅಲ್ಲಿನ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಲೋಹದ ಬಿಡಿಭಾಗಗಳ ಜಿಡ್ಡನ್ನು ತೊಳೆದು ನೆಲಕ್ಕೆ ಚೆಲ್ಲಿದ ದ್ರಾವಕಗಳು ಮೆಲ್ಲಮೆಲ್ಲನೆ ಇಳಿದು ಆ ಜಲವನ್ನು ಸೇರಿದ್ದುವೆಂಬುದು 1981ರಲ್ಲಿ ಬಯಲಾಯಿತು. ಕಲುಷಿತ ಜಲವನ್ನೆತ್ತಿ ಗೋಪುರಗಳಲ್ಲಿ ಧಾರೆಯಾಗಿಳಿಸಿ, ಕೆಳಗಿನಿಂದ ಗಾಳಿಯನ್ನೂದಿ, ಮುಖ್ಯ ದ್ರಾವಕವಾದ ಟ್ರೈಕ್ಲೋರೋಎಥಿಲೀನನ್ನು ಹಾರಿಸಿ ಕಳೆದರು. ಆದರೆ 2002ರಲ್ಲಿ ಅದೇ ನೀರಿನಲ್ಲಿ ಗುರುತಿಸಲಾದ ಡೈಆಕ್ಸೇನ್ ಈ ಉಪಾಯಕ್ಕೆ ಮಣಿಯಲಿಲ್ಲ: ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುವ ಆ ದ್ರವ್ಯ ಗಾಳಿಗೆ ಸುಲಭವಾಗಿ ಏಳದು, ಇದ್ದಿಲಿಗೆ ಚೆನ್ನಾಗಿ ಅಂಟದು, ಸೂಕ್ಷ್ಮಜೀವಿಗಳಿಗೂ ಬೇಗನೆ ಆಹಾರವಾಗದು. ಅಲ್ಲದೆ ವಿಷವನ್ನು ನೀರಿನಿಂದ ಗಾಳಿಗೂ ಗಾಳಿಯಿಂದ ಇದ್ದಿಲಿಗೂ ಸಾಗಿಸುವುದು, ನಮ್ಮ ಮನೆಯ ಕಸವನ್ನು ಪಕ್ಕದ ಹಿತ್ತಲಿಗೆ ದೂಡಿದಂತೆಯೇ ಸರಿ. ವಿಷವನ್ನು ಇಲ್ಲವಾಗಿಸುವುದೇ ನಿಜವಾದ ಪರಿಹಾರವೆಂದು ನಾನು ನಂಬುತ್ತೇನೆ.

2014ರಲ್ಲಿ ಟೂಸಾನಿನಲ್ಲಿ ಆರಂಭವಾದ ಶುದ್ಧೀಕರಣಾಗಾರವು ಈ ಮಾರ್ಗವನ್ನು ಹಿಡಿಯಿತು. ನೀರಿಗೆ ಅಲ್ಪ ಪ್ರಮಾಣದ ಹೈಡ್ರೋಜನ್ ಪೆರಾಕ್ಸೈಡನ್ನು ಬೆರೆಸಿ ಪಾದರಸದ ದೀಪಗಳ ನಡುವೆ ಹಾಯಿಸಲು, 254 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ನೇರಳಾತೀತ ಕಿರಣವು ಪೆರಾಕ್ಸೈಡಿನ ಅಣುವನ್ನು ನಟ್ಟನಡುವೆ ಸೀಳಿ ಎರಡು ಹೈಡ್ರಾಕ್ಸಿಲ್ ತುಣುಕುಗಳನ್ನು ಹುಟ್ಟಿಸುತ್ತದೆ. ಒಂಟಿ ಇಲೆಕ್ಟ್ರಾನನ್ನು ಹೊತ್ತ ಈ ತುಣುಕಿನ ಆಯುಷ್ಯವು ಸೆಕೆಂಡಿನ ಸಾವಿರದಲ್ಲೊಂದು ಪಾಲೂ ಇಲ್ಲವಾದರೂ, ಅಷ್ಟರೊಳಗೆ ಅದು ಎದುರಾದ ಡೈಆಕ್ಸೇನಿನಿಂದ ಹೈಡ್ರೋಜನ್ ಪರಮಾಣುವೊಂದನ್ನು ಕಸಿದುಕೊಳ್ಳುತ್ತದೆ. ಅಲ್ಲಿಂದ ಮುಂದೆ ಆ ಅಣುವಿನ ಉಂಗುರ ಬಿಚ್ಚಿ, ಫಾರ್ಮಿಕ್ ಆಮ್ಲದಂತಹ ಸರಳ ದ್ರವ್ಯಗಳಾಗಿ, ಕ್ರಿಯೆಯು ಪೂರ್ಣವಾದಲ್ಲಿ ಕೇವಲ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಪರ್ಯವಸಾನ ಹೊಂದುತ್ತದೆ.

ಇದಕ್ಕೆ ವಿದ್ಯುಚ್ಛಕ್ತಿಯ ವೆಚ್ಚ ಉಂಟು. ನೀರಿನಲ್ಲಿ ಸಹಜವಾಗಿರುವ ಬೈಕಾರ್ಬನೇಟು ಹೈಡ್ರಾಕ್ಸಿಲನ್ನು ದಾರಿಯಲ್ಲೇ ನುಂಗುವುದುಂಟು. ಪೆರಾಕ್ಸೈಡ್ ಈ ಕಿರಣವನ್ನು ಬಹಳ ಕಡಮೆ ಹೀರುವುದರಿಂದ ಅದರ ಹೆಚ್ಚಿನ ಪಾಲು ಒಡೆಯದೆ ಉಳಿಯುತ್ತದೆ. ಅದನ್ನು ಕೊನೆಯಲ್ಲಿ ಸಕ್ರಿಯ ಇದ್ದಿಲಿನ ಮೂಲಕ ಹಾಯಿಸಿ ಕಳೆಯಬೇಕಾಗುತ್ತದೆ.

ಆದರೆ ಬೆಂಕಿಯಾರಿಸುವ ನೊರೆಗಳಿಂದ ನೆಲಕ್ಕಿಳಿಯುವ ಫ್ಲೋರಿನ್‌ಯುಕ್ತ ದ್ರವ್ಯಗಳ ಮುಂದೆ ಈ ಹೈಡ್ರಾಕ್ಸಿಲ್ ನಿಸ್ಸಹಾಯಕ. ಇಂಗಾಲಕ್ಕೂ ಫ್ಲೋರಿನ್ನಿಗೂ ನಡುವಣ ಬಂಧವು ಅಷ್ಟು ದೃಢವಾದುದು. ಪೂರ್ಣ ಫ್ಲೋರಿನ್ ತುಂಬಿದ ಸರಪಳಿಯಲ್ಲಿ ಕಸಿಯಲು ಹೈಡ್ರೋಜನ್ ಪರಮಾಣುವೇ ಇರುವುದಿಲ್ಲ. ಆ ದ್ರವ್ಯಗಳು ಹೆಚ್ಚಿದುದರಿಂದಲೇ 2021ರಲ್ಲಿ ಟೂಸಾನಿನ ಆಗಾರದಿಂದ ನಗರಕ್ಕೆ ಕುಡಿಯುವ ನೀರು ಹೋಗುವುದು ನಿಂತಿತು. ಈಗ ಪ್ರಯೋಗಶಾಲೆಗಳಲ್ಲಿ ವಿಜ್ಞಾನಿಗಳು ಪೆರಾಕ್ಸೈಡಿಗೆ ಬದಲಾಗಿ ಸಲ್ಫೈಟನ್ನು ಬೆರೆಸಿ, ಅದೇ ಕಿರಣದಿಂದ ನೀರಿನೊಳಗೆ ಬಿಡಿ ಇಲೆಕ್ಟ್ರಾನುಗಳನ್ನು ಹೊಮ್ಮಿಸಿ, ಆ ಬಂಧವನ್ನು ಮುರಿಯುತ್ತಿದ್ದಾರೆ. ಕರಗಿದ ಆಮ್ಲಜನಕವಾಗಲಿ ನೈಟ್ರೇಟಾಗಲಿ ಆ ಇಲೆಕ್ಟ್ರಾನುಗಳನ್ನು ಮೊದಲೇ ಕಬಳಿಸದಂತೆ ತಡೆಯುವುದೇ ಅಲ್ಲಿನ ಕಠಿನತಮ ಕಾರ್ಯ.