ರಸೀದಿಯ ಹಿಂದಿನ ಸಂಸ್ಥೆ

ಕೃಷ್ಣಾ ದಂಡೆಯ ಕೊಡೇಕಲ್ ಸೀಮೆಯಲ್ಲಿ ದಾನಧರ್ಮ ಮೊದಲಿನಿಂದಲೂ ಮಠ, ಗದ್ದುಗೆ, ದರ್ಗಾಗಳ ಸುತ್ತ ಬೆಳೆದದ್ದು. 16ನೇ ಶತಮಾನದ ಕೊಡೇಕಲ್ ಬಸವಣ್ಣನ ಗದ್ದುಗೆಗೂ ತಿಂಥಣಿಯ ಮೌನೇಶ್ವರನಿಗೂ ಹಿಂದೂ, ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುತ್ತಾರೆ. ಕಲಬುರಗಿಯಲ್ಲಿ ಶರಣಬಸವೇಶ್ವರರು (1746–1822) ಆರಂಭಿಸಿದ ದಾಸೋಹ ಇಂದಿಗೂ ನಡೆದಿದೆ. ಇಂಥ ಕಡೆ ಜೋಳದ ಚೀಲ ಇಳಿಸಿ ಹೋದವರು ಲೆಕ್ಕ ಕೇಳಿದವರಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಕೊಟ್ಟ ಜೋಳ ರೊಟ್ಟಿಯಾಗಿ ಪಂಕ್ತಿಯಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತಿತ್ತು.

ಈಗ ದೇಣಿಗೆ ಕೇಳುವ ಸಂಸ್ಥೆಗಳ ಕೆಲಸ ಹಾಗೆ ಎದುರಿಗೇ ಕಾಣುವಂಥದ್ದಲ್ಲ. ಗುಳೆ ಹೋದವರ ಮಕ್ಕಳ ಓದು, ಬಾಣಂತಿಯರ ಪೌಷ್ಟಿಕತೆ, ಅಂಗವಿಕಲರ ಪುನರ್ವಸತಿ, ವೃದ್ಧರ ಆರೈಕೆ ಇವೆಲ್ಲ ವರ್ಷಗಟ್ಟಲೆ ನಡೆಯಬೇಕಾದ ಕೆಲಸಗಳು. ದೇಣಿಗೆ ಕೊಡುವವರೂ ದೂರವಾಗಿದ್ದಾರೆ. ಸುರಪುರ, ಹುಣಸಗಿ, ಶಹಾಪುರ ತಾಲ್ಲೂಕುಗಳಿಂದ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗಿ ಅಲ್ಲೇ ನೆಲೆಯಾದವರು ಊರಿಗೆ ಏನಾದರೂ ಮಾಡಬೇಕೆಂದು ಫೋನಿನಲ್ಲೇ ಹಣ ಕಳಿಸುತ್ತಾರೆ. ಕೈಗಾರಿಕೆಯ ಹಣವೂ ಹರಿದುಬರುತ್ತಿದೆ. ವಾಡಿ, ಶಹಾಬಾದ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು, ನದಿಯಾಚೆಯ ಹಟ್ಟಿ ಚಿನ್ನದ ಗಣಿ ಹಳೆಯವು. ಯಾದಗಿರಿ ಜಿಲ್ಲೆಯೊಳಗೇ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶ ಹೊಸದು. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, 5 ಕೋಟಿ ನಿವ್ವಳ ಲಾಭ ಇವುಗಳಲ್ಲಿ ಯಾವುದಾದರೊಂದನ್ನು ಮುಟ್ಟಿದ ಕಂಪನಿ ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಹಣ ಬರುವ ದಾರಿ ಹೆಚ್ಚಿದಷ್ಟೂ ಅದನ್ನು ಪಡೆಯುವ ಸಂಸ್ಥೆ ಎಂಥದೆಂದು ತಿಳಿಯುವ ಹೊಣೆಯೂ ಹೆಚ್ಚುತ್ತದೆ.

ಕಾನೂನಿನ ಕಣ್ಣಲ್ಲಿ ಸೇವಾ ಸಂಸ್ಥೆಗಳು ಸಾಮಾನ್ಯವಾಗಿ ಸಂಘ, ಟ್ರಸ್ಟ್ ಅಥವಾ ಲಾಭರಹಿತ ಕಂಪನಿಯ ರೂಪದಲ್ಲಿರುತ್ತವೆ. ಹಳ್ಳಿಗಾಡಿನಲ್ಲಿ ಹೆಚ್ಚಾಗಿ ಕಾಣುವುದು ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಸೇರಿ ಸಂಘ ಕಟ್ಟಬಹುದು. ಅದು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಸಿ, ಆಡಳಿತ ಮಂಡಳಿಯ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಬೇಕು. ನೋಂದಣಿ ಮಾಡಿಸಿ ಬಳಿಕ ವರ್ಷಾನುಗಟ್ಟಲೆ ಲೆಕ್ಕವನ್ನೇ ಸಲ್ಲಿಸದ ಸಂಘದ ಹಳೆಯ ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದರೂ ಅದರಿಂದ ಏನೂ ಸಿದ್ಧವಾಗುವುದಿಲ್ಲ. ಕೇಳಬೇಕಾದದ್ದು ಕಳೆದ ವರ್ಷ ಲೆಕ್ಕ ಸಲ್ಲಿಸಿದ ಸ್ವೀಕೃತಿ.

ಟ್ರಸ್ಟ್ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಅದರ ದಸ್ತಾವೇಜು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ನೆರೆಯ ಸೊಲ್ಲಾಪುರದ ಟ್ರಸ್ಟ್ ಆಗಿದ್ದರೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಧರ್ಮಾದಾಯ ಆಯುಕ್ತರಿಗೆ ಲೆಕ್ಕ ಒಪ್ಪಿಸಬೇಕಿತ್ತು. ಕರ್ನಾಟಕದಲ್ಲಿ ಮುಜರಾಯಿ ದೇವಸ್ಥಾನಗಳನ್ನು ನೋಡಿಕೊಳ್ಳಲು ಧಾರ್ಮಿಕ ದತ್ತಿ ಇಲಾಖೆ ಇದೆ. ಸೇವಾ ಟ್ರಸ್ಟ್‌ಗಳ ಮೇಲೆ ಅಂಥ ಆಯುಕ್ತರಿಲ್ಲ. ಹಾಗಾಗಿ ಒಂದೇ ಮನೆಯವರು ಟ್ರಸ್ಟಿಗಳಾಗಿದ್ದು, ಟ್ರಸ್ಟ್ ಕಟ್ಟಡದ ಬಾಡಿಗೆಯೂ ಅದೇ ಮನೆಗೆ ಹೋಗುತ್ತಿದ್ದರೆ ದಾನಿಯೇ ಪ್ರಶ್ನೆ ಕೇಳಬೇಕಾಗುತ್ತದೆ. 8ನೇ ಕಲಮಿನ ಲಾಭರಹಿತ ಕಂಪನಿಗಳ ದಾಖಲೆಗಳನ್ನು ಮಾತ್ರ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು.

ನೀತಿ ಆಯೋಗದ ‘ದರ್ಪಣ’ ಪೋರ್ಟಲ್‌ನ ಸಂಖ್ಯೆಯನ್ನು ಹಲವು ಸಂಸ್ಥೆಗಳು ಕರಪತ್ರದ ಮೇಲೆಯೇ ಅಚ್ಚು ಹಾಕಿಸುತ್ತವೆ. ಸಂಸ್ಥೆ ತಾನೇ ಕೊಟ್ಟ ವಿವರದ ಮೇಲೆ ಸಿಗುವ ಗುರುತಿನ ಸಂಖ್ಯೆ ಅದು; ಕೆಲಸದ ಗುಣಕ್ಕೆ ಸಿಕ್ಕ ಮುದ್ರೆಯಲ್ಲ. ಕಂಪನಿಗಳ ಹಣ ಪಡೆಯಲು 2021ರ ಏಪ್ರಿಲ್‌ನಿಂದ ಕಡ್ಡಾಯವಾದ ‘ಸಿಎಸ್‌ಆರ್–1’ ನೋಂದಣಿಯ ಮಾತೂ ಅಷ್ಟೇ.

ಕಾಗದಗಳ ಪೈಕಿ ಹೆಚ್ಚು ಮಾತಾಡುವುದು ರಸೀದಿ ಮತ್ತು ಲೆಕ್ಕ ತಪಾಸಣೆಯ ವರದಿ. ಸರಿಯಾದ ರಸೀದಿಯಲ್ಲಿ ಸಂಸ್ಥೆಯ ನೋಂದಣಿ ಸಂಖ್ಯೆ, ಪ್ಯಾನ್, ಕ್ರಮಸಂಖ್ಯೆ, ಅಂಕಿಯಲ್ಲೂ ಅಕ್ಷರದಲ್ಲೂ ಮೊತ್ತ, ಯಾವ ಕೆಲಸಕ್ಕೆ ಕೊಟ್ಟದ್ದು ಎಂಬ ಒಂದು ಸಾಲು ಇರುತ್ತವೆ. 1961ರ ಆದಾಯ ತೆರಿಗೆ ಕಾಯ್ದೆಯಿಂದ ‘80ಜಿ’ ಎಂದೇ ಹೆಸರಾದ ರಿಯಾಯಿತಿ ಇರುವ ಸಂಸ್ಥೆ, ದೇಣಿಗೆಯ ವಿವರವನ್ನು ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡಬೇಕೆಂಬ ನಿಯಮ 2021–22ರಿಂದ ಬಂದಿದೆ. ಆ ಕಾಯ್ದೆಯಡಿ ಈ ಪತ್ರದ ಹೆಸರು ‘10ಬಿಇ’ ನಮೂನೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಈ ರಿಯಾಯಿತಿ ಸಿಗುವುದಿಲ್ಲ. ದೊಡ್ಡ ಮೊತ್ತವನ್ನು ನಗದಾಗಿಯೇ ಬೇಕೆಂದು ಹಟ ಹಿಡಿಯುವವರಿಂದ ದೂರ ಇರುವುದು ಲೇಸು. ಫೋನಿನಲ್ಲಿ ಹಣ ಕಳಿಸುವಾಗ ತೆರೆಯ ಮೇಲೆ ಸಂಸ್ಥೆಯ ಬದಲು ವ್ಯಕ್ತಿಯೊಬ್ಬರ ಹೆಸರು ಬಂದರೆ ಅಲ್ಲಿಗೇ ಕೈ ತಡೆಯಬೇಕು.

ತಪಾಸಣೆ ವರದಿಯ ಕೊನೆಯ ಪುಟದಲ್ಲಿ ಚಾರ್ಟರ್ಡ್ ಅಕೌಂಟೆಂಟ್ ಸಹಿಯ ಕೆಳಗೆ ‘ಯುಡಿಐಎನ್’ ಎಂಬ 18 ಅಕ್ಷರಾಂಕಗಳ ಸಾಲು ಇರುತ್ತದೆ. ಮೊದಲ ಎರಡು ಅಂಕಿ ವರ್ಷವನ್ನು, ನಂತರದ ಆರು ಅಂಕಿ ಲೆಕ್ಕಿಗರ ಸದಸ್ಯತ್ವ ಸಂಖ್ಯೆಯನ್ನು ಸೂಚಿಸುತ್ತವೆ. 2019ರ ಜುಲೈ 1ರಿಂದ ಎಲ್ಲ ಲೆಕ್ಕ ತಪಾಸಣಾ ವರದಿಗಳಿಗೂ ಇದು ಕಡ್ಡಾಯ. ಲೆಕ್ಕಿಗರ ಸಂಸ್ಥೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ವರದಿ ನಿಜವಾಗಿ ಅವರೇ ಕೊಟ್ಟದ್ದೇ ಎಂಬುದು ತಿಳಿಯುತ್ತದೆ. ಕೊಡೇಕಲ್‌ನಲ್ಲಿ ಕುಳಿತ ಡಿಗ್ರಿ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ ಇದು. ಇಷ್ಟು ಸುಲಭದ ಪರೀಕ್ಷೆಯನ್ನು ಹೆಚ್ಚಿನ ದಾನಿಗಳು ಬಳಸದೇ ಇರುವುದು ದುಃಖದ ಸಂಗತಿ.

ಲೆಕ್ಕ ನೋಡುವಾಗ ಒಂದು ತಪ್ಪು ಎಣಿಕೆ ಎದುರಾಗುತ್ತದೆ. ಸಂಬಳಕ್ಕೆ ಖರ್ಚಾದದ್ದೆಲ್ಲ ಪೋಲು, ಹಂಚಿದ ವಸ್ತುವಷ್ಟೇ ಸೇವೆ ಎಂಬ ನಂಬಿಕೆ ಬಲವಾಗಿದೆ. 2011ರ ಜನಗಣತಿಯಲ್ಲಿ ಯಾದಗಿರಿಯ ಸಾಕ್ಷರತೆ ಶೇ 52ರ ಆಸುಪಾಸಿನಲ್ಲಿದ್ದು ರಾಜ್ಯದಲ್ಲೇ ಕೊನೆಯದಾಗಿತ್ತು. ಇಂಥ ಜಿಲ್ಲೆಯಲ್ಲಿ ಮಕ್ಕಳಿಗೆ ಓದು ಕಲಿಸುವ ಸಂಸ್ಥೆಯ ಮುಖ್ಯ ಖರ್ಚೇ ತಾಂಡಾದಿಂದ ತಾಂಡಾಕ್ಕೆ ಓಡಾಡುವ ಕಾರ್ಯಕರ್ತೆಯ ಸಂಬಳ. ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಂಡು ಹೋಗುವುದಕ್ಕಿಂತ ಆಕೆಗೆ ತಿಂಗಳು ತಿಂಗಳು ಸರಿಯಾಗಿ ಪಗಾರ ಕೊಡುವುದು ದೊಡ್ಡ ಸೇವೆ. ಸಂಶಯಪಡಬೇಕಾದದ್ದು ವಿವರವಿಲ್ಲದ ‘ಇತರೆ ವೆಚ್ಚ’ವನ್ನು, ಸಮಾರಂಭಕ್ಕೂ ಸನ್ಮಾನಕ್ಕೂ ಹರಿದ ಹಣವನ್ನು.

ಮಕ್ಕಳನ್ನು ಇಟ್ಟುಕೊಂಡು ಸಾಕುವ ಸಂಸ್ಥೆಗಳ ವಿಷಯದಲ್ಲಿ ಪರೀಕ್ಷೆ ಎಲ್ಲಕ್ಕಿಂತ ಬಿಗಿಯಾಗಿರಬೇಕು. ಬರಗಾಲದಲ್ಲೂ ಗುಳೆಯ ಹಂಗಾಮಿನಲ್ಲೂ ಬಡ ತಂದೆತಾಯಿ ಮಗುವನ್ನು ಎಲ್ಲಾದರೂ ಸೇರಿಸಿ ಹೋಗುವ ಒತ್ತಡದಲ್ಲಿರುತ್ತಾರೆ. ಪೋಷಣೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಸಂಸ್ಥೆ, ಸರ್ಕಾರದ ಅನುದಾನ ಪಡೆಯಲಿ ಬಿಡಲಿ, 2015ರ ಬಾಲನ್ಯಾಯ ಕಾಯ್ದೆಯ 41ನೇ ಕಲಮಿನಡಿ ನೋಂದಣಿಯಾಗಿರಬೇಕು. ಅಂಥ ಮಗು ಅಲ್ಲಿ ಉಳಿಯಲು ಮಕ್ಕಳ ಕಲ್ಯಾಣ ಸಮಿತಿಯ ಆದೇಶ ಬೇಕು. ದಾನಿ ಬಂದಾಗ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡಿಸುವುದು, ಮುಖ ಕಾಣುವ ಫೋಟೊ ಹಾಕಿ ದೇಣಿಗೆ ಕೇಳುವುದು ಹಲವೆಡೆ ರೂಢಿಯಾಗಿದೆ. ಇಂಥ ಮಕ್ಕಳ ಗುರುತನ್ನು ಮಾಧ್ಯಮಗಳಲ್ಲಿ ಬಯಲು ಮಾಡುವುದನ್ನು ಅದೇ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ಮಗುವಿನ ಫೋಟೊ ತೆಗೆಯಲು ಬಿಡದ ಸಂಸ್ಥೆಯನ್ನು ಬಿಗುಮಾನದ್ದೆಂದು ತಿಳಿಯಬಾರದು. ಅದು ಮಗುವಿನ ಮಾನ ಕಾಯುತ್ತಿರುತ್ತದೆ. ಹೇಳದೆ ಹೋದಾಗ ಅಡುಗೆಮನೆ, ಶೌಚಾಲಯ, ಹಾಜರಿ ಪುಸ್ತಕ ಹೇಗಿವೆಯೆಂಬುದು ಕಣ್ಣಿಗೆ ಬೀಳುತ್ತದೆ; ಮಕ್ಕಳು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗುತ್ತಾರೆಯೇ ಎಂಬುದನ್ನು ಅಕ್ಕಪಕ್ಕದ ಮನೆಯವರೂ ಶಾಲೆಯ ಶಿಕ್ಷಕರೂ ಹೇಳುತ್ತಾರೆ. ಕಿರಾಣಿ ಅಂಗಡಿಯವರಿಗೆ ಬಾಕಿ ಎಷ್ಟಿದೆ ಎಂಬುದೂ ಸುಳಿವು ಕೊಡುತ್ತದೆ. ದೊಡ್ಡ ನಗರದ ದಾನಿಗೆ ಇಲ್ಲದ ಅನುಕೂಲ ಊರಿನವರಿಗೆ ಇದೆ: ಸಂಸ್ಥೆ ನಡೆಸುವವರ ನಡವಳಿಕೆ ಊರಿಗೆ ಗೊತ್ತಿರುತ್ತದೆ.

ಒಳ್ಳೆಯ ಸಂಸ್ಥೆಗಳಿಗೆಲ್ಲ ಸಣ್ಣ ದಾನಿಯ ಹಣ ಬೇಕೆಂದೇನೂ ಇಲ್ಲ. ಯಾದಗಿರಿ, ಸುರಪುರ ಭಾಗದ ಸರ್ಕಾರಿ ಶಾಲೆಗಳ ಜೊತೆ 2000ದ ದಶಕದಿಂದ ಕೆಲಸ ಮಾಡುತ್ತಿರುವ ಅಜೀಂ ಪ್ರೇಮ್‌ಜಿ ಫೌಂಡೇಶನ್ ತನ್ನದೇ ದತ್ತಿನಿಧಿಯಿಂದ ನಡೆಯುತ್ತದೆ. ಶಿಕ್ಷಣ, ಪೌಷ್ಟಿಕತೆಯಲ್ಲಿ ತೊಡಗಿರುವ ‘ಕಲಿಕೆ’ಗೆ ಟಾಟಾ ಟ್ರಸ್ಟ್‌ಗಳ ಬೆಂಬಲವಿದೆ. ಇಂಥವರ ಲೆಕ್ಕ, ವಾರ್ಷಿಕ ವರದಿ ಹೇಗಿರುತ್ತವೆಂದು ಓದಿದರೆ ಸಣ್ಣ ಸಂಘವನ್ನು ಅಳೆಯಲು ಒಂದು ಮಟ್ಟಗೋಲು ಸಿಗುತ್ತದೆ. ಹಣ ಮಾತ್ರ ಆ ಸಣ್ಣ ಸಂಘಕ್ಕೆ ಹೋಗುವುದೇ ಸರಿ.

ಸಂಸ್ಥೆಯೇ ಬೇಡವೆನ್ನುವವರಿಗೆ ಊರಿನ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೂ (ಎಸ್‌ಡಿಎಂಸಿ) ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯೂ ಇವೆ. ಇವಕ್ಕೆ ಬ್ಯಾಂಕ್ ಖಾತೆ ಇರುತ್ತದೆ, ಸದಸ್ಯರು ಊರಿನವರೇ. ಬೆಂಗಳೂರಿನ ಪೀಣ್ಯದಲ್ಲಿ ಪಾಳಿ ಮುಗಿಸಿದ ಕಾರ್ಮಿಕರು ಕೂಡಿ ತಾವು ಓದಿದ ಶಾಲೆಗೆ ಕುಡಿಯುವ ನೀರಿನ ಯಂತ್ರ ಕೊಡಿಸಬಹುದು. ಆದರೆ ಯಂತ್ರ ಕೊಟ್ಟು ಕೈತೊಳೆದುಕೊಂಡರೆ ಎರಡನೇ ವರ್ಷ ಅದು ಮೂಲೆ ಸೇರುತ್ತದೆ. ದುರಸ್ತಿಯ ಹಣವನ್ನೂ ಮೊದಲೇ ತೆಗೆದಿಡಬೇಕು.

ನೆರೆಯ ದಿನಗಳ ದೇಣಿಗೆಗೆ ಬೇರೆಯದೇ ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ಸುರಪುರ, ಶಹಾಪುರದ ನದಿದಂಡೆಯ ಹಳ್ಳಿಗಳು ತೊಂದರೆಗೆ ಸಿಕ್ಕವು. ಅಂಥ ಹೊತ್ತಿನಲ್ಲಿ ಬ್ಯಾನರ್ ಕಟ್ಟಿದ ವಾಹನಗಳಲ್ಲಿ ಪಟ್ಟಿ ಎತ್ತುವವರು ಬರುತ್ತಾರೆ. ಗಡಿಬಿಡಿಯಲ್ಲಿ ಹುಟ್ಟಿದ ಹೊಸ ಸಮಿತಿಗೆ ಕೊಡುವ ಬದಲು ಆ ಸೀಮೆಯಲ್ಲಿ ಮೊದಲಿನಿಂದ ಇದ್ದ ಸಂಘಕ್ಕೆ, ಇಲ್ಲವೇ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಡುವುದು ಕ್ಷೇಮ. ನೀರು ಇಳಿದು ತಿಂಗಳಾದ ಮೇಲೆ, ಬಿತ್ತನೆ ಬೀಜಕ್ಕೂ ಮನೆ ಗೋಡೆಗೂ ಹಣ ಬೇಕಾದಾಗ, ಕೊಡುವವರ ಸಂಖ್ಯೆ ತೀರ ಕಡಿಮೆಯಾಗಿರುತ್ತದೆ. ಆಗ ಕೊಟ್ಟದ್ದಕ್ಕೆ ಬೆಲೆ ಹೆಚ್ಚು.

ಸಂಘದಲ್ಲಿ ಹಣ ದುರುಪಯೋಗವಾದರೆ 1960ರ ಕಾಯ್ದೆಯ 25ನೇ ಕಲಮಿನಡಿ ನೋಂದಣಾಧಿಕಾರಿ ತಾವೇ ವಿಚಾರಣೆ ಕೈಗೊಳ್ಳಬಹುದು; ಆಡಳಿತ ಮಂಡಳಿಯ ಬಹುಮತ ಇಲ್ಲವೇ ಮೂರನೇ ಒಂದರಷ್ಟು ಸದಸ್ಯರು ಅರ್ಜಿ ಕೊಟ್ಟೂ ಕೇಳಬಹುದು. ಬರೀ ದಾನಿಗೆ ಈ ಹಕ್ಕಿಲ್ಲ. ವರ್ಷ ವರ್ಷವೂ ಕೊಡುವ ಮನಸ್ಸಿದ್ದವರು, ಬೈಲಾದಲ್ಲಿ ಅವಕಾಶವಿದ್ದರೆ, ಸಂಘದ ಸದಸ್ಯರಾಗಿ ವಾರ್ಷಿಕ ಸಭೆಯಲ್ಲಿ ಕೂರುವುದು ಇದಕ್ಕೇ ಒಳ್ಳೆಯದು. ಮಕ್ಕಳ ಮೇಲಿನ ದೌರ್ಜನ್ಯದ ಸುಳಿವು ಸಿಕ್ಕರೆ ಮಾತ್ರ ಸಭೆಗೆ ಕಾಯುವಂತಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಹಗಲು ರಾತ್ರಿಯೆನ್ನದೆ ಕರೆ ಮಾಡಬಹುದು.