ಶಿಯಾ ಬೆಣ್ಣೆಯೂ ಹಿಪ್ಪೆಯ ಎಣ್ಣೆಯೂ

ಮಾಗಡಿ ತಾಲ್ಲೂಕಿನ ಕುದೂರಿನ ಸುತ್ತಮುತ್ತ ರಾಗಿಯ ಕೊಯ್ಲು ಮುಗಿದು ಕಣಗೆಲಸ ನಡೆಯುವ ವೇಳೆಗೆ ಮಾಗಿಯ ಚಳಿಯೂ ಕಾಲಿಡುತ್ತದೆ. ತುಟಿಗಳು ಒಡೆಯುತ್ತವೆ; ಮೊಣಕೈಯ ಚರ್ಮ ಬೂದಿ ಬಳಿದಂತೆ ಕಾಣುತ್ತದೆ; ಬರಿಗಾಲಿನಲ್ಲಿ ದುಡಿಯುವವರ ಹಿಮ್ಮಡಿಗಳಂತೂ ನೀರಾರಿದ ಕೆರೆಯಂಗಳದ ಹಾಗೆ ಸೀಳಿಹೋಗುತ್ತವೆ. ಇಂಥದೊಂದು ಮಾಗಿಯಲ್ಲಿ ಆ ಊರಿನ ವಿದ್ಯಾರ್ಥಿನಿಯೊಬ್ಬಳು ಪುಟ್ಟ ಡಬ್ಬಿಯೊಂದನ್ನು ತಂದು ನಮ್ಮ ಮುಂದಿಟ್ಟಳು. ಅದರಲ್ಲಿದ್ದುದು ಶಿಯಾ ಬೆಣ್ಣೆ. ವಿದ್ಯಾರ್ಥಿವೇತನದ ಹಣದಲ್ಲಿ ತಾಯಿಯ ಕಾಲಿಗೆಂದು ಕೊಂಡದ್ದು. ಹತ್ತು ದಿನ ಹಚ್ಚಿದರೂ ಸೀಳು ಕೂಡಿರಲಿಲ್ಲ. “ಇದು ಮೋಸವೇ ಸಾರ್, ಇಲ್ಲ ಹಚ್ಚುವುದರಲ್ಲಿ ನಮ್ಮದೇ ತಪ್ಪೆ?” ಎಂದು ಅವಳು ಕೇಳಿದಳು. ಪ್ರಶ್ನೆ ಸಣ್ಣದಲ್ಲ. ಉತ್ತರ ಹೇಳಬೇಕಾದರೆ ಸ್ವಲ್ಪ ಸಸ್ಯಶಾಸ್ತ್ರವೂ ಸ್ವಲ್ಪ ರಸಾಯನಶಾಸ್ತ್ರವೂ ಬೇಕು. ಮುಖ್ಯವಾಗಿ ನಮ್ಮ ಭೌತಶಾಸ್ತ್ರವೇ ಬೇಕು.

ಶಿಯಾ ಆಫ್ರಿಕಾದ ಮರ. ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಉಗಾಂಡದವರೆಗೆ ಹಬ್ಬಿರುವ ಹುಲ್ಲುಗಾವಲಿನ ಪಟ್ಟಿಯಲ್ಲಿ ಅದು ತಾನಾಗಿ ಬೆಳೆಯುತ್ತದೆ. ಅಲ್ಲಿನ ಹೆಂಗಸರು ಉದುರಿದ ಹಣ್ಣುಗಳನ್ನು ಆಯ್ದು, ಬೀಜವನ್ನು ಬೇಯಿಸಿ ಒಣಗಿಸಿ, ಒಡೆದು, ತಿರುಳನ್ನು ಹುರಿದು ಅರೆದು, ನೀರು ಬೆರಸಿ ಕೈಯಿಂದ ನಾದುತ್ತಾರೆ. ನಾದಿದಂತೆ ಜಿಡ್ಡು ಬೇರೆಯಾಗಿ ಮೇಲೆ ತೇಲುತ್ತದೆ. ಅದೇ ಶಿಯಾ ಬೆಣ್ಣೆ. ಸ್ಕಾಟ್ಲೆಂಡಿನ ಪ್ರವಾಸಿ ಮುಂಗೋ ಪಾರ್ಕ್ 1799ರಲ್ಲಿ ಪ್ರಕಟಿಸಿದ ತನ್ನ ಪ್ರವಾಸಕಥನದಲ್ಲಿ ಇದನ್ನು ವರ್ಣಿಸಿದ್ದಾನೆ. ಅವನ ನೆನಪಿಗಾಗಿ ಸಸ್ಯವಿಜ್ಞಾನಿಗಳು ಈ ಮರವನ್ನು ಹಿಂದೆ ‘ಬಾಸಿಯಾ ಪಾರ್ಕಿಯೈ’ ಎಂದು ಕರೆದಿದ್ದರು. ಈಗಿನ ಹೆಸರು ‘ವಿಟೆಲ್ಲೇರಿಯ ಪ್ಯಾರಡಾಕ್ಸ’.

ಹಳೆಯ ಹೆಸರನ್ನು ಇಲ್ಲಿ ಎತ್ತಿದ್ದಕ್ಕೆ ಕಾರಣವುಂಟು. ನಮ್ಮ ಹಿಪ್ಪೆಯ ಮರವೂ ಆಗ ‘ಬಾಸಿಯಾ’ ಎಂಬ ಅದೇ ಕುಲನಾಮವನ್ನು ಹೊತ್ತಿತ್ತು! ಈಗ ಅದು ‘ಮಧುಕ ಲಾಂಜಿಫೋಲಿಯ’ ಎನಿಸಿಕೊಂಡಿದ್ದರೂ ಎರಡೂ ಒಂದೇ ಮನೆತನದವು. ಸಪೋಟ, ರಂಜೆ ಇವುಗಳೂ ಅದೇ ಮನೆತನದ ಮರಗಳೇ. ಬಯಲುಸೀಮೆಯಲ್ಲಿ ಹೊಳೆಯ ದಂಡೆಯಲ್ಲೋ ಗುಡಿಯ ಬಳಿಯ ತೋಪಿನಲ್ಲೋ ಹಿಪ್ಪೆಯನ್ನು ಕಂಡವರು ಇನ್ನೂ ಇದ್ದಾರೆ. ಅದರ ಬೀಜವನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆದು ದೀಪಕ್ಕೂ ಸೋಪಿಗೂ ಮೈಗೂ ಬಳಸುತ್ತಿದ್ದರು.

ಈ ಜಿಡ್ಡುಗಳು ಒಂದು ಗಟ್ಟಿ, ಒಂದು ತೆಳು ಆಗುವುದೇಕೆ? ಎಲ್ಲ ಎಣ್ಣೆಗಳೂ ಮೇದಾಮ್ಲಗಳು ಗ್ಲಿಸರಿನ್‌ನೊಡನೆ ಕೂಡಿ ಆದವು. ಸ್ಟಿಯರಿಕ್ ಆಮ್ಲದ ಅಣು ಕೋಲಿನಂತೆ ನೆಟ್ಟಗಿರುತ್ತದೆ. ಓಲಿಯಿಕ್ ಆಮ್ಲದ ಅಣು ನಡುವೆ ಮಣಿದಿರುತ್ತದೆ. ನೆಟ್ಟಗಿನ ಸೌದೆಯನ್ನು ಒತ್ತಾಗಿ ಒಟ್ಟಬಹುದು, ಡೊಂಕು ಸೌದೆಯನ್ನು ಒಟ್ಟಲಾಗದು. ಶಿಯಾ ಬೆಣ್ಣೆಯ ಮೇದಾಮ್ಲಗಳಲ್ಲಿ ನೂರಕ್ಕೆ ಸುಮಾರು 40 ಪಾಲು ಸ್ಟಿಯರಿಕ್, 45 ಪಾಲು ಓಲಿಯಿಕ್. ಆದಕಾರಣ ಅದು ಡಬ್ಬಿಯಲ್ಲಿ ಗಟ್ಟಿಯಾಗಿದ್ದು ಮೈಯ ಬಿಸಿಗೆ ಕರಗುತ್ತದೆ. ಹಿಪ್ಪೆಯಲ್ಲಿ ಸ್ಟಿಯರಿಕ್ ಆಮ್ಲದ ಪಾಲು ಅದರ ಅರ್ಧದಷ್ಟು. ಅದಕ್ಕಿಂತ ಚಿಕ್ಕದಾದ ಪಾಮಿಟಿಕ್ ಆಮ್ಲ ಹೆಚ್ಚು. ಹೀಗಾಗಿ ಹಿಪ್ಪೆಯ ಎಣ್ಣೆ ಬೇಸಗೆಯಲ್ಲಿ ಹರಿಯುತ್ತದೆ, ಮಾಗಿಯಲ್ಲಿ ತುಪ್ಪದಂತೆ ಹೆಪ್ಪುಗಟ್ಟುತ್ತದೆ. ಪಶ್ಚಿಮ ಘಟ್ಟದ ಮುರುಗಲ ಬೀಜದ ತುಪ್ಪ ಇವೆರಡಕ್ಕಿಂತಲೂ ಗಟ್ಟಿ; ಅದರಲ್ಲಿ ಸ್ಟಿಯರಿಕ್ ಆಮ್ಲವೇ ಅರ್ಧಕ್ಕಿಂತ ಹೆಚ್ಚು, ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಬೇಕು. ಘಟ್ಟದ ಸೀಮೆಯವರು ಅದನ್ನೇ ಬಿಸಿಮಾಡಿ ಒಡೆದ ಹಿಮ್ಮಡಿಗೆ ಹಚ್ಚುವ ವಾಡಿಕೆ ಹಳೆಯದು.

ಇನ್ನು ಚರ್ಮದ ಕಡೆಗೆ ಬರೋಣ. ನಮ್ಮ ಚರ್ಮದ ಹೊರಪದರ ಸತ್ತ ಕೋಶಗಳ ಗೋಡೆ. ಕೋಶಗಳೇ ಇಟ್ಟಿಗೆ, ನಡುವಿನ ಜಿಡ್ಡೇ ಗಾರೆ. ದೇಹದ ಬಹುಭಾಗದಲ್ಲಿ ಈ ಪದರದ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಪಾಲು ಮಾತ್ರ. ಹಿಮ್ಮಡಿಯಲ್ಲಿ ಅದರ ಎಷ್ಟೋ ಪಟ್ಟು. ಬೆವರಿಲ್ಲದಿದ್ದರೂ ಈ ಗೋಡೆಯ ಮೂಲಕ ದಿನಕ್ಕೆ 300–400 ಮಿಲಿಲೀಟರಿನಷ್ಟು ನೀರು ಆವಿಯಾಗಿ ಹೋಗುತ್ತಲೇ ಇರುತ್ತದೆ. ಹೊರಪದರದಲ್ಲಿ ನೀರಿನ ಅಂಶ ನೂರಕ್ಕೆ ಹತ್ತಕ್ಕಿಂತ ಕೆಳಗಿಳಿದರೆ ಅದು ಬಾಗುವ ಗುಣವನ್ನು ಕಳೆದುಕೊಂಡು ಒಡೆಯುತ್ತದೆ. ಅಂಗಾಲಿನಲ್ಲಿ ಜಿಡ್ಡು ಸ್ರವಿಸುವ ಗ್ರಂಥಿಗಳೇ ಇಲ್ಲ. ದೇಹದ ಭಾರವೆಲ್ಲ ಬೀಳುವ ಹಿಮ್ಮಡಿ ಮೊದಲು ಸೀಳುವುದರಲ್ಲಿ ಸೋಜಿಗವೇನಿದೆ?

ಮಾಗಿಯಲ್ಲಿಯೇ ಏಕೆ ಎಂಬುದಕ್ಕೆ ಲೆಕ್ಕ ಹಾಕಿ ನೋಡಬಹುದು. ಬೆಳಗಿನ ಜಾವ 15 ಡಿಗ್ರಿ, ಮಂಜು ಕವಿದಿದೆ ಎನ್ನೋಣ. ಆಗ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 13 ಗ್ರಾಂ ನೀರಾವಿ ಇರುತ್ತದೆ. ಅದಕ್ಕಿಂತ ಹೆಚ್ಚು ಹಿಡಿಯದು. ಮಧ್ಯಾಹ್ನ 27 ಡಿಗ್ರಿಗೆ ಏರಿತು. ಈಗ 26 ಗ್ರಾಂ ಹಿಡಿಸೀತು. ಆದರೆ ಹೊಸ ಆವಿ ಎಲ್ಲಿಂದಲೂ ಬಂದಿಲ್ಲ. ಬೆಳಗ್ಗೆ ತುಂಬಿದ್ದ ಪಾತ್ರೆ ಈಗ ಅರ್ಧ ಬರಿದು. ಸುಮಾರು 32 ಡಿಗ್ರಿಯಿರುವ ಚರ್ಮವನ್ನು ತಾಕಿ ಬೆಚ್ಚಗಾದ ಗಾಳಿಗೆ 34 ಗ್ರಾಂನಷ್ಟು ಎಡೆಯುಂಟು. ಬಾಯಾರಿದ ಆ ಗಾಳಿ ಸಿಕ್ಕಿದಲ್ಲಿ ನೀರು ಹೀರುತ್ತದೆ.

ಹಾಗಿದ್ದರೆ ಚರ್ಮವನ್ನು ಮೆತ್ತಗೆ ಮಾಡುವುದು ಎಣ್ಣೆಯೋ ನೀರೋ? 1952ರಲ್ಲಿ ಅಮೆರಿಕದ ಅರ್ವಿನ್ ಬ್ಲಾಂಕ್ ಎಂಬ ವಿಜ್ಞಾನಿ ಈ ಪ್ರಶ್ನೆಯನ್ನು ಬಹು ಸರಳವಾಗಿ ಬಗೆಹರಿಸಿದ. ಒಣಗಿ ಗಡುಸಾದ ಜಡ್ಡುಚರ್ಮದ ತುಣುಕನ್ನು ಎಣ್ಣೆಯಲ್ಲಿ ಎಷ್ಟು ನೆನೆಸಿದರೂ ಅದು ಗಡುಸಾಗಿಯೇ ಉಳಿಯಿತು; ನೀರು ಹೀರಿದೊಡನೆ ಮೆತ್ತಗಾಯಿತು. ಎಣ್ಣೆ ತಾನು ಮೆತ್ತಗೆ ಮಾಡದು. ಒಳಗಿರುವ ನೀರು ಹೋಗದಂತೆ ಮುಚ್ಚಳವಾಗುತ್ತದೆ, ಅಷ್ಟೆ. ಬರಿದಾದ ಮಡಕೆಗೆ ಮುಚ್ಚಳ ಮುಚ್ಚಿದರೆ ಫಲವೇನು?

ವಿದ್ಯಾರ್ಥಿನಿಯ ತಾಯಿ ಮಾಡಿದ್ದೂ ಇದನ್ನೇ. ಹೊಲದಿಂದ ಬಂದು, ಒಣಗಿದ ಕಾಲಿಗೆ ಹಾಗೆಯೇ ಬೆಣ್ಣೆ ಸವರುತ್ತಿದ್ದರು. ಕಾಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ನೆನೆಸಿ, ಮೇಲಿನ ನೀರನ್ನು ಒತ್ತಿ ಒರೆಸಿ, ತೇವ ಆರುವ ಮೊದಲೇ ಹಚ್ಚಿ, ಕಾಲುಚೀಲ ತೊಟ್ಟು ಮಲಗಬೇಕೆಂದು ನಾವು ತಿಳಿಸಿದೆವು. ಎರಡು ವಾರಗಳಲ್ಲಿ ಸಣ್ಣ ಸೀಳುಗಳು ಕೂಡಿದುವು; ಆಳವಾದದ್ದೊಂದಕ್ಕೆ ತಿಂಗಳಾಯಿತು. ರಕ್ತ ಕೀವು ಬರುವ ಸೀಳಾದರೆ, ಅಥವಾ ಸಕ್ಕರೆ ಕಾಯಿಲೆಯವರ ಕಾಲಾದರೆ, ಯಾವ ಬೆಣ್ಣೆಯನ್ನೂ ನೆಚ್ಚದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಮುಚ್ಚಳದ ಕೆಲಸವೊಂದನ್ನೇ ನೋಡುವುದಾದರೆ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಪೆಟ್ರೋಲಿಯಂ ಜೆಲ್ಲಿ ಈ ಎಲ್ಲ ಸಸ್ಯಜಿಡ್ಡುಗಳನ್ನೂ ಮೀರಿಸುತ್ತದೆ. ಇದನ್ನು ಹೇಳದೆ ಬಿಡುವುದು ಪ್ರಾಮಾಣಿಕವಾಗದು. ಶಿಯಾ ಬೆಣ್ಣೆಯಲ್ಲಿ ಸೋಪಾಗಿ ಮಾರ್ಪಡದ ಭಾಗ ಇತರ ಎಣ್ಣೆಗಳಲ್ಲಿರುವುದಕ್ಕಿಂತ ಎಷ್ಟೋ ಹೆಚ್ಚಾಗಿರುವುದು ನಿಜ. ಅದರಲ್ಲಿರುವ ಕೆಲವು ವಸ್ತುಗಳು ಅತಿನೇರಳೆ ಕಿರಣವನ್ನು ಸ್ವಲ್ಪ ಹೀರುವುದೂ ನಿಜ. ಆದರೆ ಅದನ್ನು ನಂಬಿ ಬಿಸಿಲಿಗೆ ಮೈಯೊಡ್ಡುವಷ್ಟು ರಕ್ಷಣೆ ಅದರಿಂದ ದೊರೆಯದು.

ಕೂದಲಿನ ಮಾತು ಬೇರೆ. ಕೂದಲಿನೊಳಕ್ಕೆ ಇಳಿಯಬೇಕಾದರೆ ಅಣು ಚಿಕ್ಕದಾಗಿಯೂ ನೆಟ್ಟಗೂ ಇರಬೇಕು. ಕೊಬ್ಬರಿ ಎಣ್ಣೆಯ ಲಾರಿಕ್ ಆಮ್ಲ ಅಂಥದು. ರೇಲೆ ಮತ್ತು ಮೊಹಿಲೆ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಖನಿಜ ತೈಲ ಈ ಮೂರರಲ್ಲಿ ಕೂದಲಿನ ಪ್ರೋಟೀನು ನಷ್ಟವನ್ನು ತಗ್ಗಿಸಿದ್ದು ಕೊಬ್ಬರಿ ಎಣ್ಣೆಯೊಂದೇ. (ಅವರು ಕೊಬ್ಬರಿ ಎಣ್ಣೆ ಮಾರುವ ಸಂಸ್ಥೆಯವರೆಂಬುದನ್ನೂ ಓದುಗರು ನೆನಪಿಡಲಿ.) ಶಿಯಾ, ಹಿಪ್ಪೆಗಳ ಉದ್ದನೆಯ ಅಣುಗಳು ಬಹುಮಟ್ಟಿಗೆ ಹೊರಗೇ ಉಳಿದು ಎಳೆಗೆ ನುಣುಪು ಕೊಡುತ್ತವೆ. ಹಿಪ್ಪೆಯಲ್ಲಿ ಇನ್ನೊಂದು ವಿಶೇಷವುಂಟು. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ನೊರೆಗಟ್ಟುವ ಸ್ಯಾಪೊನಿನ್ ಇರುವುದರಿಂದ ಅದನ್ನು ಸೀಗೆಯಂತೆ ತಲೆಗೆ ತಿಕ್ಕಿ ಜಿಡ್ಡು ತೊಳೆಯುತ್ತಿದ್ದರು. ಹಚ್ಚುವುದೂ ತೊಳೆಯುವುದೂ ಒಂದೇ ಬೀಜದಲ್ಲಿ! ಆದರೆ ಈ ಹಿಂಡಿ ಮೀನಿಗೆ ವಿಷ. ಕಣ್ಣಿಗೆ ಬೀಳದಂತೆಯೂ ಕೆರೆಯ ನೀರಿಗೆ ಸೇರದಂತೆಯೂ ಎಚ್ಚರ ಬೇಕು.

ವಿದ್ಯಾರ್ಥಿನಿ ಬೇಸಗೆಯಲ್ಲಿ ಮತ್ತೊಮ್ಮೆ ಅದೇ ಡಬ್ಬಿಯನ್ನು ತಂದಳು. ಒಲೆಯ ಪಕ್ಕದಲ್ಲಿಟ್ಟಿದ್ದಾಗ ಕರಗಿ, ತಾನಾಗಿ ಆರಿದ ಬೆಣ್ಣೆ ರವೆಯಂತೆ ಹರಳುಹರಳಾಗಿತ್ತು. ಕೆಟ್ಟುಹೋಯಿತೆಂದು ಅವಳ ತಾಯಿ ಎಸೆಯುವುದರಲ್ಲಿದ್ದರಂತೆ. ಮೂಸಿ ನೋಡಿದೆವು, ಕಮಟು ವಾಸನೆಯಿರಲಿಲ್ಲ. ನಿಧಾನವಾಗಿ ಆರುವಾಗ ಸ್ಟಿಯರಿಕ್ ಆಮ್ಲ ಹೆಚ್ಚಾಗಿರುವ ಅಣುಗಳು ಮೊದಲು ಗಟ್ಟಿಯಾಗಿ, ಒಂದರ ಮೇಲೊಂದು ಸೇರಿ ದೊಡ್ಡ ಹರಳುಗಳಾಗಿ ಬೆಳೆಯುತ್ತವೆ. ಬೇಗ ಆರಿಸಿದರೆ ಎಲ್ಲೆಡೆಯೂ ಒಮ್ಮೆಲೇ ಅಸಂಖ್ಯ ಸಣ್ಣ ಹರಳುಗಳು ಹುಟ್ಟುವುದರಿಂದ ಯಾವುದೂ ನಾಲಗೆಗೋ ಬೆರಳಿಗೋ ತಿಳಿಯುವಷ್ಟು ಬೆಳೆಯಲಾರದು. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಹರಳು ಪೂರ್ತಿ ಕರಗುವವರೆಗೆ ಕಾಯಿಸಿ, ಬಳಿಕ ಮಂಜುಗಡ್ಡೆ ಹಾಕಿದ ನೀರಿನಲ್ಲಿರಿಸಿ ಕಡ್ಡಿಯಿಂದ ಕಲಕುತ್ತಾ ಹೋದೆವು. ಕಾಲು ಗಂಟೆಯಲ್ಲಿ ಬೆಣ್ಣೆ ಮೊದಲಿನಂತೆ ನುಣ್ಣಗಾಯಿತು. ಮನೆಯ ತುಪ್ಪವನ್ನು ಎರಡು ಬಟ್ಟಲುಗಳಲ್ಲಿ ಹಾಕಿ ಓದುಗರೂ ಈ ಪ್ರಯೋಗವನ್ನು ಮಾಡಿ ನೋಡಬಹುದು.