ಚದುರಂಗವೂ ಮನುಷ್ಯಸ್ವಭಾವವೂ

ಒಬ್ಬನ ಸ್ವಭಾವವನ್ನು ತಿಳಿಯಬೇಕಾದರೆ ಆತನೊಡನೆ ದೂರದ ಪ್ರಯಾಣ ಮಾಡಬೇಕು, ಇಲ್ಲವೆ ಹಣದ ವ್ಯವಹಾರ ಮಾಡಬೇಕು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇವೆರಡರ ಜೊತೆಗೆ ಮೂರನೆಯದೊಂದನ್ನು ನಾನೇ ಸೇರಿಸಿಕೊಂಡಿದ್ದೆ: ಆತನೊಡನೆ ಚದುರಂಗವಾಡಬೇಕು. ದುಡುಕಿನವನು ಕುದುರೆಯನ್ನು ಮುಂದೆ ನುಗ್ಗಿಸುತ್ತಾನೆ. ಜಿಪುಣನಿಗೆ ಒಂದು ಕಾಲಾಳನ್ನು ಕಳೆದುಕೊಳ್ಳುವಾಗಲೂ ಕೈ ನಡುಗುತ್ತದೆ. ಅಂಜುಬುರುಕನು ಅರಸನನ್ನು ಮೂಲೆಗೆ ಸೇರಿಸಿ ಸುತ್ತಲೂ ಗೋಡೆ ಕಟ್ಟುತ್ತಾನೆ. ಮಣೆಯನ್ನು ನೋಡಿದರೆ ಮನುಷ್ಯನನ್ನು ನೋಡಿದಂತೆ, ಮನುಷ್ಯನನ್ನು ನೋಡಿದರೆ ಆತನ ಆಟವನ್ನು ನೋಡಿದಂತೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಈ ಸಿದ್ಧಾಂತವು ನನ್ನ ಕೈಯಿಂದ ಒಂದು ಅನ್ಯಾಯವನ್ನು ಮಾಡಿಸಿತು. ಆ ಮಾತು ಮುಂದೆ ಬರುತ್ತದೆ.

ಈ ಆಟ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವುಂಟು. ಹಾನಗಲ್ಲಿನ ಕದಂಬರು ಆ ಚಾಲುಕ್ಯರ ಮಾಂಡಲಿಕರು. ತಾರಕೇಶ್ವರ ದೇವಾಲಯದ ಮಹಾಪದ್ಮದ ಛತ್ತಿನ ಕೆಳಗೆ ನಿಂತಾಗಲೆಲ್ಲ, ಮಣೆಯ ಮುಂದೆ ಗಲ್ಲಕ್ಕೆ ಕೈಯಿಟ್ಟು ಕುಳಿತ ಯಾವನೋ ಮಂಡಳೇಶ್ವರನ ಚಿತ್ರ ನನ್ನ ಕಣ್ಣಿಗೆ ಕಟ್ಟುತ್ತದೆ. ಇನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೋಡಿರಿ. 1831ರಲ್ಲಿ ಕಂಪನಿ ಸರಕಾರವು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡಿತು. ‘ಶ್ರೀತತ್ತ್ವನಿಧಿ’ಯ ಒಂಬತ್ತನೆಯ ಭಾಗವಾದ ‘ಕೌತುಕನಿಧಿ’ ಆಟಗಳಿಗೇ ಮೀಸಲಾದುದು. ಕುದುರೆಯನ್ನು ಪ್ರತಿಯೊಂದು ಮನೆಗೂ ಒಮ್ಮೆ ಮಾತ್ರ ನಡೆಸಿ ಮಣೆಯನ್ನೆಲ್ಲ ಸುತ್ತಿಸುವ ಸಮಸ್ಯೆಯಲ್ಲಿ ಅವರಿಗೆ ವಿಶೇಷವಾದ ಆಸಕ್ತಿಯಿತ್ತು. ಆಳಲು ರಾಜ್ಯವಿಲ್ಲದ ಅರಸನೊಬ್ಬನು ಅರುವತ್ತನಾಲ್ಕು ಮನೆಗಳಲ್ಲಿ ಸಮಾಧಾನವನ್ನು ಅರಸಿದನೆಂದು ಹೇಳಿಬಿಡುವುದು ಸುಲಭ. ಆದರೆ ಅದೇ ಮಹಾರಾಜರು ಗ್ರಂಥ, ಸಂಗೀತ, ಚಿತ್ರಕಲೆಗಳಿಗೂ ಆಶ್ರಯದಾತರಾಗಿದ್ದರು. ಒಂದು ಮಣೆಯಿಂದ ಒಬ್ಬ ಮನುಷ್ಯನನ್ನು ಅಳೆಯುವುದಕ್ಕೆ ಹೊರಟರೆ ಅಳತೆಗೋಲು ಸಾಲದೆ ಹೋಗುತ್ತದೆ.

ಜಗತ್ಪ್ರಸಿದ್ಧರಾದ ಇಬ್ಬರನ್ನು ಉದಾಹರಿಸುತ್ತೇನೆ. ರೀಗಾ ನಗರದ ಮಿಖಾಯಿಲ್ ತಾಲ್ 1960ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ವಿಶ್ವವಿಜೇತನಾದನು. ಕಾಯಿಗಳನ್ನು ಬಲಿಗೊಟ್ಟು ಎದುರಾಳಿಯನ್ನು ಕಾಡಿಗೆ ಸೆಳೆದೊಯ್ಯುವವನೆಂದು ಅವನ ಖ್ಯಾತಿ. ಮೂರು ವರ್ಷಗಳ ಅನಂತರ ಆ ಪಟ್ಟಕ್ಕೆ ಬಂದ ಟಿಗ್ರಾನ್ ಪೆಟ್ರೋಸಿಯನ್ ಇದಕ್ಕೆ ತದ್ವಿರುದ್ಧ. ಎದುರಾಳಿಯ ಯೋಚನೆ ಮೊಳಕೆಯೊಡೆಯುವ ಮೊದಲೇ ಅದನ್ನು ಚಿವುಟುವವನು. ಒಬ್ಬ ಸಾಹಸಿ, ಇನ್ನೊಬ್ಬ ಜಾಗರೂಕ. ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಸಿದ್ಧಾಂತ ಗೆದ್ದಂತೆಯೇ. ಆದರೆ ಆ ಜಾಗರೂಕನೇ ಸಮಯ ಬಂದಾಗ ತನ್ನ ಆನೆಯನ್ನು ಕಡಿಮೆ ಬೆಲೆಯ ಕಾಯಿಗೆ ನಿರಾತಂಕವಾಗಿ ಬಿಟ್ಟುಕೊಡುವುದರಲ್ಲಿ ಹೆಸರಾದನು. ಆ ಸಾಹಸಿಯೇ 1973ರ ಅಕ್ಟೋಬರಿನಿಂದ ಒಂದು ವರ್ಷ ಕಾಲ, ಒಟ್ಟು 95 ಆಟಗಳಲ್ಲಿ, ಒಮ್ಮೆಯೂ ಸೋಲಲಿಲ್ಲ. ಜೀವಮಾನವೆಲ್ಲ ಮೂತ್ರಪಿಂಡದ ಬೇನೆಯಿಂದ ಬಳಲಿದ ದೇಹ ಅವನದು.

ಮನಶ್ಶಾಸ್ತ್ರಜ್ಞರು ಈ ಪ್ರಶ್ನೆಯನ್ನು ತಮ್ಮ ರೀತಿಯಲ್ಲಿ ಪರಿಶೀಲಿಸಿದ್ದಾರೆ. ಹಾಲೆಂಡಿನ ಡಿ ಗ್ರೂಟ್ 1946ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಆಟಗಾರರು ಬಾಯಿಬಿಟ್ಟು ಯೋಚಿಸುವುದನ್ನು ದಾಖಲಿಸಿದ್ದಾನೆ. ನಿಷ್ಣಾತರು ಉಳಿದವರಿಗಿಂತ ಬಹಳ ಮುಂದಿನ ನಡೆಗಳನ್ನೇನೂ ಎಣಿಸುವುದಿಲ್ಲ; ಸರಿಯಾದ ನಡೆ ಅವರಿಗೆ ಬೇಗನೆ ಕಾಣುತ್ತದೆ. 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್ ಎಂಬುವರು ಕಾಯಿಗಳ ಜೋಡಣೆಯೊಂದನ್ನು ಐದು ಸೆಕೆಂಡು ತೋರಿಸಿ ಮುಚ್ಚಿದರು. ನಿಜವಾದ ಆಟದ ಜೋಡಣೆಯನ್ನು ನಿಷ್ಣಾತನು ಬಹುಮಟ್ಟಿಗೆ ನೆನಪಿನಿಂದಲೇ ಮರಳಿ ಇಟ್ಟನು. ಕಾಯಿಗಳನ್ನು ಅಡ್ಡಾದಿಡ್ಡಿಯಾಗಿ ಚೆಲ್ಲಿದಾಗಲಾದರೋ ಅವನ ಮೇಲುಗೈ ಬಹುತೇಕ ಮಾಯವಾಯಿತು. ಭಾಮಿನಿ ಷಟ್ಪದಿಯಲ್ಲಿ ನುರಿತವನಿಗೆ ಪದ್ಯ ಒಂದೇ ಓದಿಗೆ ಮನಸ್ಸಿನಲ್ಲಿ ನಿಲ್ಲುತ್ತದೆ. ಅದೇ ಅಕ್ಷರಗಳನ್ನು ಕಲಸಿ ಕೊಟ್ಟರೆ ಅವನೂ ನಮ್ಮಂತೆಯೇ. ಇದು ಹುಟ್ಟುಗುಣಕ್ಕಿಂತ ಹೆಚ್ಚಾಗಿ ಅಭ್ಯಾಸದ ಫಲ.

ನನಗೆ ಅತ್ಯಂತ ಮುಖ್ಯವಾಗಿ ಕಂಡುದು 2007ರಲ್ಲಿ ಬಿಲಾಲಿಚ್ ಮತ್ತು ಅವನ ಸಂಗಡಿಗರು 219 ಮಕ್ಕಳ ಬಗ್ಗೆ ಪ್ರಕಟಿಸಿದ ಅಧ್ಯಯನ. ಉತ್ಸಾಹಿಗಳೂ ಹೊಸತಿಗೆ ಮನಸ್ಸು ತೆರೆದವರೂ ಚದುರಂಗದತ್ತ ಹೆಚ್ಚಾಗಿ ಬರುತ್ತಾರೆ. ಸೌಮ್ಯರೂ ಪರರೊಡನೆ ಹೊಂದಿಕೊಂಡು ಹೋಗುವವರೂ ಕಡಿಮೆ ಬರುತ್ತಾರೆ. ಹೆಣ್ಣುಮಕ್ಕಳಲ್ಲಿ ಈ ಸೌಮ್ಯತೆ ಹೆಚ್ಚಾಗಿ ಕಂಡಿತು. ಆದರೆ ಆಡುವವರಲ್ಲಿ ತಮ್ಮ ಕೌಶಲದ ಮಟ್ಟವೆಂದು ಅವರೇ ಹೇಳಿಕೊಂಡುದಕ್ಕೂ ಈ ಗುಣಗಳಿಗೂ ಸಂಬಂಧ ಕಾಣಲಿಲ್ಲ. ಅತ್ಯುತ್ತಮರಾದ 25 ಮಕ್ಕಳಲ್ಲಿ ಮಾತ್ರ ಮನಸ್ಸಿನ ತೆರವು ಉಳಿದವರಿಗಿಂತ ಹೆಚ್ಚಾಗಿತ್ತು. ಎಂದರೆ ಯಾರು ಬಾಗಿಲಿಗೆ ಬರುತ್ತಾರೆಂಬುದನ್ನು ಸ್ವಭಾವವು ಕೊಂಚ ಹೇಳಬಹುದು. ಒಳಗೆ ಬಂದವರು ಹೇಗೆ ಆಡುತ್ತಾರೆಂಬುದನ್ನು ಅದು ಅಷ್ಟಾಗಿ ಹೇಳಲಾರದು.

ಇನ್ನು ನನ್ನ ಅನ್ಯಾಯದ ಮಾತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯ ಹುಡುಗರು ನಾನು ಕಲಿಸುವ ಕಾಲೇಜಿಗೆ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಅಂತರಕಾಲೇಜು ಪಂದ್ಯಕ್ಕೆ ತಂಡವನ್ನು ಆರಿಸುವ ಭಾರ ನನ್ನ ಮೇಲೆ ಬಿತ್ತು. ಸವಣೂರಿನ ಮಾತುಗಾರ ಹುಡುಗನೊಬ್ಬನನ್ನೂ ಅವನ ಗೆಳೆಯರನ್ನೂ ಆರಿಸಿದೆ. ಹಿರೇಕೆರೂರು ತಾಲ್ಲೂಕಿನ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿಯೊಬ್ಬಳೂ ಹೆಸರು ಬರೆಸಿದ್ದಳು. ಹಾಜರಿ ಕೂಗಿದರೆ ಕೇಳಿಸದಷ್ಟು ಮೆಲುದನಿ ಅವಳದು. ಇಂಥ ಸಂಕೋಚದವಳಿಗೆ ಈ ಆಟದ ಕ್ರೌರ್ಯ ಒಗ್ಗದೆಂದು ಭಾವಿಸಿ, ಒಂದು ಆಟವನ್ನೂ ಆಡಿಸದೆ ಹೆಸರನ್ನು ಹೊಡೆದುಹಾಕಿದೆ. ತಂಡವು ಮೊದಲನೆಯ ಸುತ್ತಿನಲ್ಲೇ ಸೋತು ಬಂದಿತು.

ಅವಳ ಕೊನೆಯ ವರ್ಷದ ಮಾರ್ಚಿಯಲ್ಲಿ, ಪಾಠವಿಲ್ಲದ ಒಂದು ಮಧ್ಯಾಹ್ನ, ಮಣೆಯ ಮುಂದೆ ಒಬ್ಬನೇ ಕುಳಿತಿದ್ದ ನಾನು ಸುಮ್ಮನೆ ಅವಳನ್ನು ಕರೆದೆ. ಇಪ್ಪತ್ತು ನಡೆಗಳವರೆಗೆ ಅವಳು ಏನನ್ನೂ ಮಾಡುತ್ತಿಲ್ಲವೆಂದೇ ತೋರಿತು. ಆಮೇಲೆ ತನ್ನ ಮಂತ್ರಿಯನ್ನು ನನ್ನ ಕಾಲಾಳಿನ ಬಾಯಿಗೆ ಒಡ್ಡಿದಳು. ಪಾಪ, ತಪ್ಪಿದಳೆಂದು ಮರುಗುತ್ತಲೇ ಕಡಿದುಕೊಂಡೆ. ಮೂರನೆಯ ನಡೆಗೆ ನನ್ನ ಅರಸನಿಗೆ ಹೋಗಲು ಮನೆಯಿರಲಿಲ್ಲ.

“ಎಲ್ಲಿ ಕಲಿತೆಯಮ್ಮಾ?” ಎಂದೆ.

“ನಮ್ಮ ಅಜ್ಜಾ ಕಲಿಸ್ಯಾನ್ರಿ ಸರ್.”

“ಆಗಲೇ ಏಕೆ ಹೇಳಲಿಲ್ಲ?”

“ನೀವು ಕೇಳಲಿಲ್ರಿ ಸರ್.”

ಆ ಉತ್ತರದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಪಂದ್ಯದ ಕಾಲ ಕಳೆದುಹೋಗಿತ್ತು. ಮುಂದಿನ ವರ್ಷ ಅವಳು ಕಾಲೇಜಿನಲ್ಲಿರಲಿಲ್ಲ.

ಈಗ ತಂಡವನ್ನು ಆರಿಸುವಾಗ ಹಾಜರಿ ಪುಸ್ತಕದ ಕ್ರಮದಲ್ಲಿ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆದು, ಕಡೆಯ ಪಕ್ಷ ಮೂರು ಆಟಗಳನ್ನಾದರೂ ಆಡಿಸುತ್ತೇನೆ. ತಾನಾಗಿ ಬಾಗಿಲು ತಟ್ಟದವರನ್ನು ಕರೆಯುವುದು ಅಧ್ಯಾಪಕನ ಕೆಲಸವೆಂದು ತಡವಾಗಿ ತಿಳಿದುಕೊಂಡವನು ನಾನು. ಅವಳು ಕಾಲೇಜು ಬಿಡುವಾಗ ನಡತೆಯ ಪ್ರಮಾಣಪತ್ರದಲ್ಲಿ ‘ಸೌಮ್ಯ ಸ್ವಭಾವದವಳು’ ಎಂದು ನಾನೇ ಬರೆದುಕೊಟ್ಟೆ. ಅದು ಸುಳ್ಳಲ್ಲ. ಆದರೆ ಆ ಎರಡು ಪದಗಳನ್ನು ಬರೆಯುವಾಗ ನನ್ನ ಲೇಖನಿ ಹಿಂದೆಂದೂ ಇಲ್ಲದಷ್ಟು ಹೊತ್ತು ನಿಂತಿತು.